ಮಾರಿಸ್ ಮೈನರ್ ಟ್ರಾವೆಲರ್: ಹಿಂದಿನ ಮರದ ಚೌಕಟ್ಟು ಕುಂಬಾಗಿದೆ, ತೇಗ ಹಾಕಬಹುದಾ?

ಬೆಣ್ಣೆನಗರಿ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಿಂದ ಬರೆಯುತ್ತಿದ್ದೇನೆ. ನಮ್ಮ ತಾತ 1970ರ ಸುಮಾರಿಗೆ ಮೂಡಿಗೆರೆ ಕಡೆಯ ಎಸ್ಟೇಟಿನವರೊಬ್ಬರಿಂದ ತಂದ ಮಾರಿಸ್ ಮೈನರ್ ಟ್ರಾವೆಲರ್ ಒಂದು ಮನೆಯಲ್ಲಿದೆ. 948 ಸಿಸಿ ಎಂಜಿನ್, ಎಂವೈ ನಂಬರು, ಹಳೇ ಆರ್‌ಸಿ ಪುಸ್ತಕ ಎಲ್ಲ ಇದೆ. ನೋಡದವರಿಗೆ ಹೇಳಬೇಕೆಂದರೆ, ಮುಂದಿನ ಅರ್ಧ ಮಾಮೂಲಿ ಮೈನರ್ ಕಾರು. ಹಿಂದಿನ ಅರ್ಧ ಮರದ ಚೌಕಟ್ಟು, ಅದರ ಮಧ್ಯೆ ಅಲ್ಯುಮಿನಿಯಂ ಶೀಟು, ಹಿಂದೆ ಬೀರುವಿನ ಹಾಗೆ ಎರಡು ಬಾಗಿಲು. ಚಿಕ್ಕವರಿದ್ದಾಗ ನಾವು ಅದಕ್ಕೆ ಕಪಾಟು ಕಾರು ಅನ್ನುತ್ತಿದ್ದೆವು.

18 ವರ್ಷದಿಂದ ಮಂಡಿಪೇಟೆ ಗೋಡೌನಿನಲ್ಲಿ ಸೋರುವ ಶೀಟಿನ ಕೆಳಗೆ ನಿಂತಿತ್ತು. ಈಗ ಮನೆಗೆ ತಂದಿದ್ದೇನೆ. ಹೊರಗಿನಿಂದ ನೋಡಿದರೆ ಮರ ಚೆನ್ನಾಗೇ ಕಾಣುತ್ತಿತ್ತು. ಆದರೆ ಎಡಗಡೆ ಕೆಳಗಿನ ಉದ್ದ ಪಟ್ಟಿಗೆ ಗೋಣಿಚೀಲ ಹೊಲಿಯುವ ದಬ್ಬಣ ಚುಚ್ಚಿದೆ ನೋಡಿ, ಬೆಣ್ಣೆಗೆ ಚುಚ್ಚಿದ ಹಾಗೆ ಹಿಡಿಯವರೆಗೂ ಒಳಗೆ ಹೋಯಿತು. ಕೆರೆದು ನೋಡಿದರೆ ಅರ್ಧ ಮರವೇ ಅಲ್ಲ, ಪುಟ್ಟಿ! ಹಿಂದೆ ಯಾವಾಗಲೋ ರಿಪೇರಿ ಮಾಡಿದ ಪುಣ್ಯಾತ್ಮ ಕುಂಬಾದ ಜಾಗಕ್ಕೆ ಪುಟ್ಟಿ ತುಂಬಿ, ಮೇಲೆ ಕಂದು ಬಣ್ಣ ಬಳಿದು, ಸಣ್ಣ ಬ್ರಶ್ಶಿನಲ್ಲಿ ಮರದ ಗೆರೆಗಳನ್ನೂ ಬರೆದಿದ್ದಾನೆ. ಗೆರೆ ಬರೆದ ಕೈ ಮಾತ್ರ ಒಳ್ಳೆಯದು, ಸುಳ್ಳು ಹೇಳಬಾರದು.

ತಗಡಿನ ಕಥೆಯೂ ಅಷ್ಟೇ. ಎರಡೂ ಕಡೆ ಬಾಗಿಲ ಕೆಳಗಿನ ಸಿಲ್ ತುಕ್ಕು ತಿಂದಿದೆ, ಡ್ರೈವರ್ ಕಾಲಿಡುವ ಜಾಗದಲ್ಲಿ ನೆಲ ಕಾಣುತ್ತದೆ, ಹಿಂದಿನ ಚಕ್ರದ ಒಳಕಮಾನಿನಲ್ಲಿ ಎರಡು ಬೆರಳು ಹೋಗುವಷ್ಟು ತೂತು.

ಇಲ್ಲಿನ ಟಿಂಕರಿಂಗ್‌ನವರು ಹೇಳುವುದು, ಮರ ಬರೀ ಶೋಗೆ ಇರುವುದು, ಒಳಗೆ ಚೌಕ ಪೈಪು ವೆಲ್ಡ್ ಮಾಡಿ ಮೇಲೆ ಮರದ ಪಟ್ಟಿ ಅಂಟಿಸಿಬಿಡೋಣ ಅಂತ. ನನಗೆ ಒಪ್ಪಿಗೆ ಆಗುತ್ತಿಲ್ಲ. ಮರ ನಿಜವಾಗಲೂ ಭಾರ ಹೊರುತ್ತದಾ ಇಲ್ಲವಾ? ಇದಕ್ಕೆ ಹಾಕಿರುವ ಆಶ್ ಮರ ನಮ್ಮಲ್ಲಿ ಬೆಳೆಯುವುದಿಲ್ಲ, ಇಂಗ್ಲೆಂಡಿನಿಂದ ಪೂರ್ತಿ ಮರದ ಸೆಟ್ ತರಿಸಿದರೆ ಸಾಗಣೆ, ಸುಂಕ ಸೇರಿ ಜೇಬು ಹರಿಯುತ್ತದೆ, ಹಾಗಾಗಿ ತೇಗ ಹಾಕಿದರೆ ನಡೆಯುತ್ತದಾ? ಮೊದಲು ಯಾವ ಕೆಲಸ, ಮರದ್ದಾ ತಗಡಿನದಾ? ಕೈಯಾರೆ ಮಾಡಿದವರು ಇದ್ದರೆ ದಯವಿಟ್ಟು ಹೇಳಿ.

ಸುಮ್ನೆ ಓದುಗ

ಅಣ್ಣ, ಬೇಜಾರು ಮಾಡಿಕೊಳ್ಳಬೇಡಿ. ಇದಕ್ಕೆ ಸುರಿಯುವ ದುಡ್ಡಲ್ಲಿ ಒಳ್ಳೇ ಸೆಕೆಂಡ್ ಹ್ಯಾಂಡ್ ಇನ್ನೋವಾ ಬರುತ್ತದೆ. ಪೈಪ್ ಹಾಕಿಸಿ, ಮೇಲೆ ಪಾಲಿಶ್ ಹೊಡೆಸಿ, ಮದುವೆಗೆ ಬಾಡಿಗೆಗೆ ಬಿಡಿ. ಯಾರು ಒಳಗೆ ಕೈಹಾಕಿ ನೋಡುತ್ತಾರೆ?

ದುರ್ಗದ ಬಾಡಿಬಿಲ್ಡರ್

ಓದುಗರೇ, ನೀವು ಸುಮ್ನೆ ಓದಿದ್ದರೇ ಚೆನ್ನಾಗಿತ್ತು.

ಬೆಣ್ಣೆನಗರಿಯವರೇ, ನಾನು ಚಿತ್ರದುರ್ಗದವನು. ನಮ್ಮಪ್ಪ ಲಾರಿ ಬಾಡಿ ಕಟ್ಟುತ್ತಿದ್ದರು, ನಾನು ಹತ್ತನೇ ಕ್ಲಾಸು ಮುಗಿಸಿ ಅವರ ಜೊತೆಗೇ ಉಳಿ ಹಿಡಿದವನು. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ: ಹೌದು, ಭಾರ ಹೊರುತ್ತದೆ. ಮಾಡೆಲ್ ಮೊದಲು ಬಂದದ್ದು 1953ರಲ್ಲಿ, ನಿಂತದ್ದು 1971ರಲ್ಲಿ, ಅಷ್ಟೂ ವರ್ಷ ಹಿಂಭಾಗದ ಮೈಕಟ್ಟು ಅಂದರೆ ಆ ಮರವೇ. ಇಂಗ್ಲೆಂಡಿನಲ್ಲಿ ಫಿಟ್ನೆಸ್ ತಪಾಸಣೆಗೆ ಒಯ್ದಾಗ ಈ ಮರ ಕುಂಬಾಗಿದ್ದರೆ ಗಾಡಿ ಫೇಲ್. ತುಕ್ಕು ಹಿಡಿದ ಚಾಸಿಯನ್ನು ನೋಡುವ ಕಣ್ಣಲ್ಲೇ ಮರವನ್ನೂ ನೋಡುತ್ತಾರೆ. ಮೇಲಿನ ರೂಫ್, ಪಕ್ಕದ ಶೀಟು, ಕಿಟಕಿ ಗಾಜು, ಹಿಂದಿನ ಎರಡು ಬಾಗಿಲು, ಎಲ್ಲ ನೇತಾಡುವುದು ಅದರ ಮೇಲೆ. ಲಾರಿ ಕ್ಯಾಬಿನ್ ಕಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪೈಪ್ ಹಾಕಿದರೆ ಏನಾಗುತ್ತದೆ ಗೊತ್ತಾ? ಗಾಡಿ ರಸ್ತೆಯಲ್ಲಿ ತಿರುಚಿಕೊಳ್ಳುವಾಗ ಮರದ ಚೌಕಟ್ಟು ಸ್ವಲ್ಪ ಬಾಗಿ ಮತ್ತೆ ತನ್ನ ಜಾಗಕ್ಕೆ ಬರುತ್ತದೆ. ಪೈಪು ಬಾಗುವುದಿಲ್ಲ, ಅದರ ಬುಡದಲ್ಲಿ ತೆಳು ತಗಡು ಹರಿಯುತ್ತದೆ. ಮೇಲಾಗಿ ಪೈಪಿಗೂ ಮರದ ಪಟ್ಟಿಗೂ ಮಧ್ಯೆ ನೀರು ನಿಂತರೆ ಹೊರಗಿನವರಿಗೆ ಗೊತ್ತೇ ಆಗುವುದಿಲ್ಲ. ಆಗ ನಿಮ್ಮ ಮೊಮ್ಮಗ ದಬ್ಬಣ ಚುಚ್ಚಿ ನಿಮಗೆ ಬೈಯ್ಯುತ್ತಾನೆ.

ತೇಗದ ವಿಷಯ. ಆಶ್ ಮರದ ಗುಣ ಏನೆಂದರೆ ಪೆಟ್ಟು ತಡೆಯುತ್ತದೆ, ಹಬೆಯಲ್ಲಿಟ್ಟರೆ ಚೆನ್ನಾಗಿ ಬಾಗುತ್ತದೆ. ಕ್ರಿಕೆಟ್ ಸ್ಟಂಪು ಮಾಡುವುದು ಅದರಲ್ಲೇ. ಆದರೆ ಒದ್ದೆ ಆದರೆ ಬೇಗ ಕೊಳೆಯುತ್ತದೆ, ನಿಮ್ಮ ಗಾಡಿಗೆ ಆಗಿರುವುದೂ ಅದೇ. ತೇಗಕ್ಕೆ ಗೆದ್ದಲು, ಕುಂಬು ಎರಡರ ಭಯವೂ ಕಡಿಮೆ. ಒಳಗೆ ಎಣ್ಣೆ ಇರುತ್ತದೆ, ಒಳಗಿರುವ ಕಬ್ಬಿಣವನ್ನೂ ತಿನ್ನುವುದಿಲ್ಲ. ನಾವು ಕ್ಯಾಬಿನ್‌ಗೆ ತೇಗ, ನೆಲಕ್ಕೆ ಮತ್ತಿ ಅಥವಾ ಹೊನ್ನೆ ಹಾಕುತ್ತಿದ್ದೆವು. ಹಾಗಾಗಿ ತೇಗ ಹಾಕಿ, ಧೈರ್ಯವಾಗಿ.

ಆದರೆ ಹೊಸ ತೇಗ ತರಬೇಡಿ. ಹಸಿ ಮರ ಆರುವಾಗ ಸೊಟ್ಟ ಆಗಿ ಶೀಟು ಕೂರುವ ಗಾಡಿಯನ್ನೆಲ್ಲ ಕೆಡಿಸುತ್ತದೆ. ಗಾಡಿ ಅಂದರೆ ಕಾರಲ್ಲ, ಮರದಲ್ಲಿ ಕೊರೆಯುವ ಉದ್ದ ಗೀರು, ನಮ್ಮಲ್ಲಿ ಹಾಗೇ ಕರೆಯುತ್ತಾರೆ. ಹಳೇ ಮನೆ ಕೆಡವುವ ಕಡೆ ಹೋಗಿ ತೊಲೆ ಕೇಳಿ. ಐವತ್ತು ಅರವತ್ತು ವರ್ಷ ಒಲೆ ಹೊಗೆ ಕುಡಿದ ತೊಲೆ, ಅದಕ್ಕಿಂತ ಒಣಗಿದ ಮರ ಯಾವ ಸಾಮಿಲ್‌ನಲ್ಲೂ ಸಿಗುವುದಿಲ್ಲ. ಸೀಳಿಸುವ ಮುಂಚೆ ಮೊಳೆ ಹುಡುಕಿ ಕೀಳಿ, ಇಲ್ಲದಿದ್ದರೆ ಗರಗಸದವನು ಎರಡನೇ ಸಲ ನಿಮ್ಮನ್ನು ಒಳಗೆ ಬಿಡುವುದಿಲ್ಲ. ಕೊಂಡದ್ದಕ್ಕೆ ರಸೀದಿ ಇಟ್ಟುಕೊಳ್ಳಿ, ತೇಗ ಸಾಗಿಸುವಾಗ ಯಾರಾದರೂ ಕೇಳಿದರೆ ಕಾಗದ ಇರಲಿ.

ಹಳೇಗಾಡಿ ಮಾವ

ಹಿರಿಯೂರಿನಿಂದ. ದುರ್ಗದವರು ಹೇಳಿದ್ದು ಮುಕ್ಕಾಲು ಸರಿ. ನಾನು ಒಂದು ಕಾಲು ತಕರಾರು ಹಾಕುತ್ತೇನೆ.

ನೇರವಾಗಿರುವ ತುಂಡುಗಳಿಗೆ ತೇಗ ಓಕೆ. ಕೆಳಗಿನ ಪಟ್ಟಿ, ಮೇಲಿನ ಉದ್ದ ಪಟ್ಟಿ, ನಿಂತ ಕಂಬ. ಆದರೆ ಹಿಂದಿನ ಚಕ್ರದ ಮೇಲೆ ಬಾಗಿ ಬರುವ ತುಂಡು ಇದೆಯಲ್ಲ, ಅದನ್ನು ನೇರ ಹಲಗೆಯಿಂದ ಕಮಾನಿನ ಆಕಾರಕ್ಕೆ ಕತ್ತರಿಸಿದರೆ ಎರಡು ತುದಿಯಲ್ಲಿ ನಾರು ಅಡ್ಡಕ್ಕೆ ಬರುತ್ತದೆ. ಅಲ್ಲಿ ಸ್ಕ್ರೂ ಬಿಗಿದ ದಿನವೇ ಸೀಳು ಬಿಡುತ್ತದೆ. ತೇಗಕ್ಕೆ ಈ ವಿಷಯದಲ್ಲಿ ಆಶ್‌ನಷ್ಟು ತಾಳ್ಮೆ ಇಲ್ಲ. ನಮ್ಮೂರಿನಲ್ಲಿ ಎತ್ತಿನಗಾಡಿ ಮಾಡುವ ಆಚಾರ್ ಒಬ್ಬರು ಇದ್ದರು, ಗಾಲಿಯ ಸುತ್ತಿನ ತುಂಡಿಗೆ ಅವರು ಎಂದೂ ನೇರ ಮರ ತರುತ್ತಿರಲಿಲ್ಲ, ಕರಿಜಾಲಿಯಲ್ಲಿ ತಾನಾಗೇ ಬಾಗಿದ ಕೊಂಬೆಯನ್ನು ಹುಡುಕಿಕೊಂಡು ಹೊಲದ ಬದು ಬದು ತಿರುಗುತ್ತಿದ್ದರು, ಸಿಕ್ಕದಿದ್ದರೆ ಕೆಲಸವನ್ನೇ ನಿಲ್ಲಿಸಿ ಬೀಡಿ ಸೇದುತ್ತಾ ಕೂರುತ್ತಿದ್ದರು. ನೀವೂ ಹಾಗೆ ಬಾಗಿದ ನಾರಿನ ತುಂಡು ಹುಡುಕಿ. ಇಲ್ಲದಿದ್ದರೆ ತೆಳುವಾದ ಪಟ್ಟಿಗಳನ್ನು ಅಚ್ಚಿನ ಮೇಲೆ ಬಾಗಿಸಿ, ಒಂದರ ಮೇಲೊಂದು ಎಪಾಕ್ಸಿ ಹಾಕಿ ಅಂಟಿಸಿ. ತೇಗ ಆದರೆ ಅಂಟು ಹಚ್ಚುವ ಮುಂಚೆ ಅಸಿಟೋನ್‌ನಲ್ಲಿ ಒರೆಸಲೇಬೇಕು. ಅದರ ಎಣ್ಣೆ ಮೇಲೆ ಅಂಟು ನಿಲ್ಲುವುದಿಲ್ಲ.

ಪೂರ್ತಿ ತುಂಡು ಹಾಳಾಗಿಲ್ಲ, ತುದಿ ಮಾತ್ರ ಹೋಗಿದೆ ಅನ್ನುವ ಕಡೆ ಓರೆಯಾಗಿ ಕತ್ತರಿಸಿ ಹೊಸ ತುಂಡು ಕೂಡಿಸಬಹುದು. ಓರೆ ಉದ್ದ ಇರಲಿ. ಒಂದು ಇಂಚು ದಪ್ಪದ ಮರಕ್ಕೆ ಎಂಟು ಇಂಚು ಓರೆ. ನೇರಕ್ಕೆ ಕತ್ತರಿಸಿ ತುದಿಗೆ ತುದಿ ಅಂಟಿಸಿದರೆ ಅದು ಜೋಡಣೆ ಅಲ್ಲ, ಹರಕೆ.

ಈಗ ಮುಖ್ಯ ವಿಷಯ. ಮೊದಲು ತಗಡು, ಆಮೇಲೆ ಮರ. ಮರ ಹಾಕಿ ಆದಮೇಲೆ ಪಕ್ಕದಲ್ಲಿ ವೆಲ್ಡಿಂಗ್ ಮಾಡಿದರೆ ಕಿಡಿ ಎಲ್ಲಿ ಹೋಗಿ ಕೂರುತ್ತದೆ ಅಂತ ನಿಮಗೆ ಕಾಣುವುದಿಲ್ಲ. ಹಾಂ, ಇದರಲ್ಲಿ ಪೆಟ್ರೋಲ್ ಟ್ಯಾಂಕ್ ಹಿಂದಿನ ನೆಲದ ಕೆಳಗೇ ಇದೆ, ವೆಲ್ಡರ್ ಬರುವ ಮುಂಚೆ ಅದನ್ನು ಬಿಚ್ಚಿ ಬೇರೆ ಕೋಣೆಗೆ ಸಾಗಿಸಿ.

ತಗಡು ಮೊದಲು ಅಂದೆ, ಆದರೆ ಮರವನ್ನು ಕಿತ್ತು ಎಸೆದು ತಗಡಿಗೆ ಇಳಿಯಬೇಡಿ. ನಾನು ಆ ತಪ್ಪು ಮಾಡಿದೆ. ನನ್ನದು ನಾಲ್ಕು ಬಾಗಿಲ ಮೈನರ್, ಮರ ಇಲ್ಲ, ಆದರೂ ಪಾಠ ಒಂದೇ. ಎರಡೂ ಸಿಲ್ ತುಕ್ಕು ಹಿಡಿದಿತ್ತು. ನಾನು ಬುದ್ಧಿವಂತ, ಗಾಡಿಯನ್ನು ಮಧ್ಯಕ್ಕೆ ಜಾಕ್ ಕೊಟ್ಟು ಎತ್ತಿ, ಎರಡೂ ಕಡೆ ಸಿಲ್ ಒಟ್ಟಿಗೇ ಕತ್ತರಿಸಿ ತೆಗೆದೆ. ಮುಂದೆ ಎಂಜಿನ್ ಭಾರ, ಹಿಂದೆ ಆಕ್ಸಲ್ ಭಾರ. ಎರಡು ತುದಿ ಅಷ್ಟಿಷ್ಟು ಕೆಳಗೆ ಜಗ್ಗಿತು. ಕಣ್ಣಿಗೆ ಏನೂ ಕಾಣಲಿಲ್ಲ. ಹೊಸ ಸಿಲ್ ವೆಲ್ಡ್ ಮಾಡಿ, ಗ್ರೈಂಡ್ ಮಾಡಿ, ರೆಡ್ ಆಕ್ಸೈಡ್ ಹೊಡೆದು, ಸಂಜೆ ಬಾಗಿಲು ಕೂರಿಸಿದರೆ ಮೇಲ್ಗಡೆ ಸಂದಿನಲ್ಲಿ ಕಿರುಬೆರಳು ಹೋಗುತ್ತಿತ್ತು, ಕೆಳಗಡೆ ಬಾಗಿಲು ಸಿಲ್‌ಗೆ ತಿಕ್ಕುತ್ತಿತ್ತು. ಎರಡು ವಾರದ ಕೆಲಸವನ್ನು ಮತ್ತೆ ಕತ್ತರಿಸಿದೆ. ಮನೆಯವಳು ಒಂದೂ ಮಾತಾಡಲಿಲ್ಲ, ಅದೇ ಜಾಸ್ತಿ ಕಷ್ಟ ಆಯಿತು.

ಅದಕ್ಕೇ ಹೇಳುವುದು. ಗಾಡಿ ತನ್ನ ಚಕ್ರದ ಮೇಲೆ ನಿಂತಾಗ ಹೇಗಿರುತ್ತದೋ ಹಾಗೇ ಆಕ್ಸಲ್ ಹತ್ತಿರ ಸ್ಟ್ಯಾಂಡ್ ಕೊಡಿ. ಬಾಗಿಲು ಹಾಕಿಯೇ ಇರಲಿ. ಬಾಗಿಲ ಸುತ್ತ ಸಂದು ಎಷ್ಟಿದೆ ಅಂತ ನಾಲ್ಕೈದು ಕಡೆ ಅಳೆದು ಗಾಜಿನ ಮೇಲೇ ಮಾರ್ಕರ್‌ನಲ್ಲಿ ಬರೆಯಿರಿ, ಚೀಟಿ ಕಳೆದುಹೋಗುತ್ತದೆ. ಬಾಗಿಲು ತೆಗೆಯಲೇಬೇಕಾದರೆ ಆ ಜಾಗಕ್ಕೆ ಆಂಗಲ್ ಪಟ್ಟಿ ಇಟ್ಟು ಟ್ಯಾಕ್ (ತಾತ್ಕಾಲಿಕ ಚುಕ್ಕಿ ವೆಲ್ಡ್) ಹಾಕಿ. ಒಂದು ಕಡೆ ಸಿಲ್ ಪೂರ್ತಿ ಮುಗಿದ ಮೇಲೇ ಇನ್ನೊಂದು ಕಡೆ.

ದುರ್ಗದ ಬಾಡಿಬಿಲ್ಡರ್

ಮಾವನ ಮಾತು ಒಪ್ಪಿದೆ. ಬಾಗಿದ ತುಂಡಿಗೆ ದಿಂಡಿಗವೂ ನೋಡಬಹುದು, ಗಾಡಿ ಅಚ್ಚು, ಗುದ್ದಲಿ ಕಾವಿಗೆ ಹಾಕುವ ಮರ, ಪೆಟ್ಟು ಬಿದ್ದರೂ ಜಗ್ಗುವುದಿಲ್ಲ. ಆದರೆ ಆರುವಾಗ ತುಂಬಾ ಹಟ ಮಾಡುತ್ತದೆ, ಹೊಸಬರು ಮುಟ್ಟದಿರುವುದೇ ವಾಸಿ.

ಮರಕ್ಕೂ ಅಳತೆ ಹಿಡಿಯುವುದು ಹಾಗೇ. ಹಿಂದಿನ ಬಾಗಿಲ ಚೌಕಟ್ಟಿಗೆ ಮೂಲೆಯಿಂದ ಮೂಲೆಗೆ ದಾರ ಹಿಡಿಯಿರಿ, ಎರಡೂ ಕರ್ಣ ಸಮ ಬರಬೇಕು. ನಿಮ್ಮದು ಈಗಾಗಲೇ ಒಂದು ಕಡೆ ವಾಲಿರುತ್ತದೆ. ಅದನ್ನು ಹಗ್ಗ, ರೀಪು ಕೊಟ್ಟು ಸಮಕ್ಕೆ ತಂದು, ಅಡ್ಡ ರೀಪು ಹೊಡೆದು ನಿಲ್ಲಿಸಿ, ಆಮೇಲೆ ಮೊದಲ ಸ್ಕ್ರೂ ಬಿಚ್ಚಿ. ಕುಂಬಾದ ತುಂಡು ಪುಡಿ ಪುಡಿ ಆಗಿದ್ದರೂ ಎಸೆಯಬೇಡಿ. ಪ್ಲೈವುಡ್ ಮೇಲೆ ಅದನ್ನಿಟ್ಟು ಪೆನ್ಸಿಲ್‌ನಲ್ಲಿ ಸುತ್ತು ಎಳೆಯಿರಿ, ಪ್ರತಿ ತೂತನ್ನೂ ಗುರುತು ಮಾಡಿ. ಎಡಗಡೆಯದನ್ನು ತಿರುಗಿಸಿದರೆ ಬಲಗಡೆಗೆ ಆಗುತ್ತದೆ ಅಂದುಕೊಳ್ಳಬೇಡಿ, 60 ವರ್ಷದ ಗಾಡಿಯ ಎರಡು ಮಗ್ಗುಲು ಅಣ್ಣ ತಮ್ಮ ಇದ್ದ ಹಾಗೆ, ಒಂದೇ ಥರ ಕಾಣುತ್ತವೆ ಅಷ್ಟೇ.

ಇನ್ನೊಂದು. ಚಕ್ರದ ಕಮಾನಿಗೆ ತೇಪೆ ಹಾಕುವಾಗ ಹೊಸ ಮರವನ್ನು ಒಮ್ಮೆ ಅಂಟಿಲ್ಲದೆ ಕೂರಿಸಿ ನೋಡಿ, ತೂತಿನ ಗುರುತು ಹಾಕಿಕೊಂಡು, ಮರ ಹೊರಗೆ ತೆಗೆದು, ಆಮೇಲೆ ತಗಡಿಗೆ ಪೂರ್ತಿ ವೆಲ್ಡ್ ಕೊಡಿ. ತಗಡು ಎರಡು ಮಿಲಿಮೀಟರ್ ಆಚೀಚೆ ಆದರೂ ಮರದ ಸ್ಕ್ರೂ ಸಿಗುವುದಿಲ್ಲ.

ಬೆಣ್ಣೆನಗರಿ

ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಪೈಪಿನ ಯೋಚನೆ ಬಿಟ್ಟೆ. ತಗಡು ಎಷ್ಟು ಗೇಜ್ ಹಾಕಬೇಕು? ರಿಪೇರಿ ಪ್ಯಾನೆಲ್ ಹೊರಗಿನಿಂದ ತರಿಸಲಾ, ಇಲ್ಲೇ ಬಡಿಸಲಾ? ಪರಿಚಯದವರೊಬ್ಬರ ಹತ್ತಿರ ಬೇಬಿ ಹಿಂದೂಸ್ತಾನ್ ಬಿಡಿಭಾಗ ಇದೆಯಂತೆ, ಅದರ ಮಡ್‌ಗಾರ್ಡ್ ಹೊಂದುತ್ತದಾ?

ಹಳೇಗಾಡಿ ಮಾವ

ಬೇಬಿ ಹಿಂದೂಸ್ತಾನ್ ಅಂದರೆ ನಮ್ಮಲ್ಲಿ ಮಾಡಿದ ಮೈನರ್ರೇ, ಆದರೆ ಹಳೇ ಕಾಲದ ಮೈನರ್. 1948ರಲ್ಲಿ ಬಂದ ಮೊದಲ ಮೈನರ್‌ಗಳಿಗೆ ಹೆಡ್‌ಲೈಟ್ ಕೆಳಗೆ ಗ್ರಿಲ್ ಪಕ್ಕ ಇರುತ್ತಿತ್ತು, ಆಮೇಲೆ ಲೈಟು ಮಡ್‌ಗಾರ್ಡಿನ ಮೇಲಕ್ಕೆ ಏರಿತು. ಹಾಗಾಗಿ ದುಡ್ಡು ಕೊಡುವ ಮುಂಚೆ ನಿಮ್ಮ ಗಾಡಿ ಪಕ್ಕದಲ್ಲಿಟ್ಟು ನೋಡಿ. ಹಿಂದಿನದಂತೂ ಬೇಡವೇ ಬೇಡ, ಟ್ರಾವೆಲರ್‌ನ ಹಿಂದಿನ ಮಡ್‌ಗಾರ್ಡ್ ಬೇರೆ.

ಸಿಲ್, ಸ್ಪ್ರಿಂಗ್ ಹಿಡಿಯುವ ಜಾಗ, ಅಡ್ಡ ತೊಲೆ, ಈ ಮಡಿಕೆ ಜಾಸ್ತಿ ಇರುವವನ್ನು ತರಿಸಿ. ನೆಲದ ತೇಪೆ, ಮಡ್‌ಗಾರ್ಡ್ ಕೆಳತುದಿ ಇಲ್ಲೇ ಬಡಿಸಿ. ಹೊರಗಿನ ತಗಡಿಗೆ 20 ಗೇಜ್, ಭಾರ ಹೊರುವ ಕಡೆ 18 ಅಥವಾ ಇನ್ನೂ ದಪ್ಪ (ಗೇಜ್ ನಂಬರು ಕಡಿಮೆ ಆದಷ್ಟೂ ತಗಡು ದಪ್ಪ). ಪ್ಯಾನೆಲ್ ಕೈಗೆ ಬರುವ ತನಕ ಹಳೆಯದನ್ನು ಕತ್ತರಿಸಬೇಡಿ. ಕತ್ತರಿಸುವಾಗಲೂ ಹೊಸದರ ಅಳತೆಗೆ ಅಲ್ಲ, ತುಕ್ಕಿನ ಅಳತೆಗೆ. ಒಳ್ಳೇ ಹಳೇ ತಗಡು ಎಷ್ಟು ಉಳಿದರೆ ಅಷ್ಟು ಲಾಭ.

ವೆಲ್ಡರ್‌ಗೆ ಒಂದೇ ಮಾತು ಹೇಳಿ: ಉದ್ದಕ್ಕೆ ಎಳೆಯಬೇಡಪ್ಪ, ಚುಕ್ಕಿ ಇಡು. ಇಲ್ಲೊಂದು, ಅಲ್ಲೊಂದು, ಕೈ ಮುಟ್ಟುವಷ್ಟು ಆರಿದ ಮೇಲೆ ಮಧ್ಯಕ್ಕೊಂದು. ಒಂದೇ ಉಸಿರಿಗೆ ಎಳೆದರೆ ಹಪ್ಪಳ ಸುಟ್ಟ ಹಾಗೆ ತಗಡು ಏಳುತ್ತದೆ. ಆಮೇಲೆ ಎಷ್ಟು ಪುಟ್ಟಿ ಮೆತ್ತಿದರೂ ಬಿಸಿಲಿಗೆ ನಿಲ್ಲಿಸಿದಾಗ ಅಲೆ ಕಾಣುತ್ತದೆ. ಮೈನರ್‌ನಲ್ಲಿ ಮಡ್‌ಗಾರ್ಡ್ ಬೋಲ್ಟಿನ ಮೇಲೆ ಕೂರುವುದು, ಬಿಚ್ಚಿ ಬೆಂಚಿನ ಮೇಲಿಟ್ಟು ಕೆಲಸ ಮಾಡಬಹುದು, ಅದೊಂದು ಪುಣ್ಯ.

ಮಾರಿಕಣಿವೆ

ಕಾಗದದ ವಿಷಯ ಯಾರೂ ಹೇಳಲಿಲ್ಲ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ನಿಯಮ ತಂದಿದೆ. 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಪೈಪ್ ತುಂಬಿದ್ದರೆ ಅಲ್ಲೇ ಪ್ರಶ್ನೆ ಬರುತ್ತಿತ್ತು. ಹೊಸ ನೋಂದಣಿಗೆ 20,000 ರೂಪಾಯಿ, ನವೀಕರಣಕ್ಕೆ 5,000, ಹತ್ತು ವರ್ಷಕ್ಕೊಮ್ಮೆ. ಆದರೆ ವಿಂಟೇಜ್ ಅಂತ ಮಾಡಿಸಿದರೆ ದಿನಾ ಓಡಿಸುವಂತಿಲ್ಲ, ಬಾಡಿಗೆಗಂತೂ ಇಲ್ಲವೇ ಇಲ್ಲ. ಸುಮ್ನೆ ಓದುಗರ ಮದುವೆ ವ್ಯಾಪಾರ ಅಲ್ಲಿಗೆ ಮುಗಿಯಿತು. ಕೆಲಸ ಶುರುವಾಗುವ ಮುಂಚೆ ಎಲ್ಲ ಕಡೆಯಿಂದ ಫೋಟೋ ತೆಗೆದಿಡಿ, ಕಳಚಿದ ಹಳೇ ಮರದ್ದೂ ಸೇರಿ.

ಬೆಣ್ಣೆನಗರಿ

ನಾಲ್ಕು ತಿಂಗಳ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ.

ಹರಿಹರದ ಹತ್ತಿರ ಒಂದು ಹಳೇ ಮನೆ ಕೆಡವುತ್ತಿದ್ದರು, ಎರಡು ತೇಗದ ತೊಲೆ ಸಿಕ್ಕಿತು. ಒಂದರಲ್ಲೇ 31 ಮೊಳೆ ಕಿತ್ತೆ. ಸೀಳಿದಾಗ ಒಳಗೆ ಜೇನುಬಣ್ಣ, ಇಡೀ ಶೆಡ್ಡು ಘಮ್ ಅಂತು. ತೇವ ಅಳೆಯುವ ಮೀಟರ್ ಇಟ್ಟರೆ 10 ಪರ್ಸೆಂಟ್.

ಸಿಲ್, ನೆಲ, ಕಮಾನು ಎಲ್ಲ ಮುಗಿದಿದೆ. ಮಾವ ಹೇಳಿದ ಹಾಗೆ ಗಾಜಿನ ಮೇಲೆ ಅಳತೆ ಬರೆದಿದ್ದೆ, ಬಾಗಿಲ ಸಂದು ಒಂದು ಮಿಲಿಮೀಟರ್ ಕೂಡ ಕದಲಿಲ್ಲ. ಬಾಗಿದ ತುಂಡು ಮಾತ್ರ ಎರಡು ಸಲ ಕೆಟ್ಟಿತು. ಮೊದಲ ಸಲ ಅಸಿಟೋನ್ ಒರೆಸದೆ ಅಂಟಿಸಿದೆ, ಅಚ್ಚಿನಿಂದ ತೆಗೆದ ತಕ್ಷಣ ಪುಸ್ತಕದ ಹಾಳೆ ಹಾಗೆ ಬಿಚ್ಚಿಕೊಂಡಿತು. ಎರಡನೇ ಸಲ ಪಟ್ಟಿ ದಪ್ಪ ಆಗಿ ಟಪ್ ಅಂತ ಮುರಿಯಿತು. ಮೂರನೇ ಸಲ ಮೂರು ಮಿಲಿಮೀಟರ್ ಪಟ್ಟಿ ಮಾಡಿ ಹಾಕಿದೆ, ನಿಂತಿತು.

ಹಿತ್ತಾಳೆ ಸ್ಕ್ರೂ ತಲೆ ಮುರಿಯುತ್ತಿತ್ತು. ಓಣಿಯ ಬಡಗಿ ಅಜ್ಜ ಒಬ್ಬರು ನೋಡಿ ನಕ್ಕು, ಮೊದಲು ಅದೇ ಸೈಜಿನ ಕಬ್ಬಿಣದ ಸ್ಕ್ರೂ ತಿರುಗಿಸಿ ದಾರಿ ಮಾಡಿ ತೆಗಿ ಮಗ, ಆಮೇಲೆ ಹಿತ್ತಾಳೆಗೆ ಸೋಪು ಸವರಿ ಹಾಕು ಅಂದರು. ಅಲ್ಲಿಂದ ಒಂದೂ ಮುರಿದಿಲ್ಲ. ಅಲ್ಯುಮಿನಿಯಂ ತಾಗುವ ಕಡೆ ಹಿತ್ತಾಳೆ ಬೇಡ ಅಂತ ಸ್ಟೇನ್‌ಲೆಸ್ ಹಾಕಿದ್ದೇನೆ, ಗೀರಿನ ತುಂಬ ಮಾಸ್ಟಿಕ್, ಅಂದರೆ ನೀರು ಇಳಿಯದ ಹಾಗೆ ಸಂದಿಗೆ ತುಂಬುವ ಮೆತ್ತನೆಯ ಅಂಟು. ಎಡಗಡೆ ಪೂರ್ತಿ ಕೂತಿದೆ. ಇನ್ನು ಮೇಲೆ ಏನು ಬಳಿಯಲಿ, ವಾರ್ನಿಶಾ ಎಣ್ಣೆಯಾ?

ದುರ್ಗದ ಬಾಡಿಬಿಲ್ಡರ್

ಭೇಷ್! ನಮ್ಮ ಕಡೆ ಬಿಸಿಲಿಗೆ ಗಟ್ಟಿ ವಾರ್ನಿಶ್ ಎರಡು ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಬಿರುಕಿನಲ್ಲಿ ಇಳಿದ ನೀರು ವಾಪಸ್ ಬರುವುದಿಲ್ಲ. ಕುದಿಸಿದ ಅಗಸೆ ಎಣ್ಣೆ ಹಚ್ಚಿ, ವರ್ಷಕ್ಕೊಮ್ಮೆ ಮತ್ತೆ ಹಚ್ಚಿ. ಮರದ ಅಡ್ಡ ಕತ್ತರಿಸಿದ ತುದಿಗಳಿಗೆ ಜಾಸ್ತಿ ಕುಡಿಸಿ, ನೀರು ಒಳಗೆ ಹೋಗುವುದು ಅಲ್ಲಿಂದಲೇ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗೇ ಬಿಸಿಯೇರಿ ಬೆಂಕಿ ಹತ್ತುತ್ತದೆ, ಇದು ತಮಾಷೆ ಅಲ್ಲ. ಹಗ್ಗದ ಮೇಲೆ ಹರಡಿ ಒಣಗಿಸಿ.

ಹಳೇಗಾಡಿ ಮಾವ

ಎಲ್ಲ ಸರಿ. ಪಕ್ಕದ ಗಾಜು ಸರಿಯುವ ಚಾನೆಲ್ ಇದೆಯಲ್ಲ, ಅದರ ತಳದಲ್ಲಿ ನೀರು ಹೋಗುವ ತೂತು ತೆರೆದಿದೆಯಾ? ನಿಮ್ಮ ಹಳೇ ಪಟ್ಟಿ ಕುಂಬಾದದ್ದಕ್ಕೆ ಅದೂ ಒಂದು ಕಾರಣ ಇರಬೇಕು. ಅಲ್ಲಿ ಧೂಳು ಕಟ್ಟಿಕೊಂಡರೆ ಮಳೆ ನೀರೆಲ್ಲ ನೇರ ಕೆಳಗಿನ ಮರಕ್ಕೆ ಇಳಿಯುತ್ತದೆ.

ಬೆಣ್ಣೆನಗರಿ

ಈಗ ಟಾರ್ಚ್ ಹಿಡಿದು ಹೋಗಿ ನೋಡಿ ಬಂದೆ ಮಾವ. ತೂತಿನ ಮೇಲೇ ಮಾಸ್ಟಿಕ್ ಮೆತ್ತಿದ್ದೇನೆ. ನಾಳೆ ಬೆಳಿಗ್ಗೆ ಗಾಜು ಬಿಚ್ಚುತ್ತೇನೆ.